ತೋರಣಗಲ್ಲಿನ ಕಡತಗಳು ಎಲ್ಲೆಲ್ಲಿವೆ?

ಒಂದು ಊರಿನ ಚರಿತ್ರೆಯನ್ನು ಸರ್ಕಾರಿ ದಾಖಲೆಗಳಿಂದ ಕಟ್ಟಲು ಹೊರಟವರು ಆ ಊರು ಯಾವ ಕಾಲದಲ್ಲಿ ಯಾವ ಆಡಳಿತಕ್ಕೆ ಸೇರಿತ್ತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕಾಗುತ್ತದೆ, ಏಕೆಂದರೆ ಕಾಗದಪತ್ರಗಳು ಊರಿನಲ್ಲಿ ಉಳಿಯದೆ ಆಳುವವರ ಬೆನ್ನು ಹತ್ತಿ ಹೋಗುತ್ತವೆ. ಉಕ್ಕಿನ ಕಾರ್ಖಾನೆಯಿಂದ ದೇಶಕ್ಕೆಲ್ಲ ಪರಿಚಿತವಾಗಿರುವ ತೋರಣಗಲ್ಲು ಮತ್ತು ಅದರ ಸುತ್ತಲಿನ ಸಂಡೂರು, ಹೊಸಪೇಟೆ, ಕಂಪ್ಲಿ ಸೀಮೆ ಈ ಮಾತಿಗೆ ಒಳ್ಳೆಯ ನಿದರ್ಶನ.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಪ್ರಾಂತವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಅದು ‘ದತ್ತ ಮಂಡಲ’ದ ಭಾಗವಾಯಿತು, ಥಾಮಸ್ ಮನ್ರೋ 1807ರವರೆಗೆ ಅದರ ಪ್ರಧಾನ ಕಲೆಕ್ಟರನಾಗಿದ್ದು, ಪ್ರತಿ ರೈತನೊಡನೆ ನೇರವಾಗಿ ಕಂದಾಯ ಗೊತ್ತುಪಡಿಸುವ ರೈತವಾರಿ ಪದ್ಧತಿಗೆ ಅಲ್ಲಿ ಬುನಾದಿ ಹಾಕಿದನು. ಅಂದಿನಿಂದ 1953ರ ಸೆಪ್ಟೆಂಬರ್ ಕೊನೆಯವರೆಗೆ ಬಳ್ಳಾರಿ ಜಿಲ್ಲೆ ಮದರಾಸಿನ ಆಡಳಿತದಲ್ಲಿತ್ತು. ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಉಳಿದದ್ದರಲ್ಲಿ ಬಹುಪಾಲು ಮೈಸೂರಿಗೆ ಬಂತು. ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನದ ಕಥೆ ಬೇರೆ. 161 ಚದರ ಮೈಲಿ ವಿಸ್ತಾರದ, 1901ರಲ್ಲಿ 11,200 ಜನರಿದ್ದ ಈ ಪುಟ್ಟ ರಾಜ್ಯವು 1949ರಲ್ಲಿ ಭಾರತದಲ್ಲಿ ವಿಲೀನವಾಗಿ ಮದರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿತು. ಇಂದಿನ ಸಂಡೂರು ತಾಲ್ಲೂಕು ಹಳೆಯ ಸಂಸ್ಥಾನಕ್ಕಿಂತ ಬಹಳ ದೊಡ್ಡದು. ಆದ್ದರಿಂದ ಈಗ ಸಂಡೂರು ತಾಲ್ಲೂಕಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾವುದೇ ಹಳ್ಳಿಯ ಹಳೆಯ ಕಾಗದವನ್ನು ಸಂಸ್ಥಾನದ ದಫ್ತರದಲ್ಲಿ ಹುಡುಕುವುದು ವ್ಯರ್ಥ ಶ್ರಮ. ಮದರಾಸು ಕಾಲದ ಕಂದಾಯ ಮಂಡಳಿಯ ನಡಾವಳಿಗಳಿಗೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೂ, 1953ರ ನಂತರದ ಸರ್ಕಾರಿ ಆದೇಶಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ ಇಲಾಖೆಗೂ ಹೋಗಬೇಕು. ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳು, ಅಂದರೆ ಊರಿನ ಹಿರಿಯರೂ ಶಾನುಭೋಗರೂ ಬರೆಸಿದ ಸ್ಥಳವೃತ್ತಾಂತಗಳು ಮಾತ್ರ ಅಷ್ಟು ದೂರವಿಲ್ಲ, ಕನ್ನಡದವುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯವೇ ಅವನ್ನು ಅಚ್ಚುಮಾಡಿದೆ.

ಜನಗಣತಿಯ ವಿಷಯದಲ್ಲೂ ಇದೇ ಅಲೆದಾಟ ತಪ್ಪದು. ಜಿಲ್ಲಾ ಜನಗಣತಿ ಕೈಪಿಡಿ ಎಂಬ ಪುಸ್ತಕಮಾಲೆ 1951ರಲ್ಲಿ ಆರಂಭವಾಯಿತು. ಪ್ರತಿ ಹಳ್ಳಿಯ ಮನೆಗಳ ಸಂಖ್ಯೆ, ಜನಸಂಖ್ಯೆ, ಅಕ್ಷರಸ್ಥರು, ಉದ್ಯೋಗ ಇವುಗಳ ಪಟ್ಟಿ ದೊರೆಯುವುದು ಅದರಲ್ಲೇ. ಬಳ್ಳಾರಿಯ 1951ರ ಸಂಪುಟ ಮದರಾಸು ರಾಜ್ಯದ ಮಾಲೆಗೆ, 1961ರದು ಮೈಸೂರಿನದಕ್ಕೆ, 1981ರದು ಕರ್ನಾಟಕದ್ದಕ್ಕೆ ಸೇರಿದೆ. 2011ರ ಸಂಪುಟದಲ್ಲಿ ಹೊಸಪೇಟೆ, ಹಂಪಿ, ಕಂಪ್ಲಿ ಎಲ್ಲವೂ ಬಳ್ಳಾರಿ ಜಿಲ್ಲೆಯಲ್ಲೇ ಇವೆ. ಕಂಪ್ಲಿ ಆ ಬಳಿಕ ಬೇರೆ ತಾಲ್ಲೂಕಾಗಿ ಬಳ್ಳಾರಿಯಲ್ಲೇ ಉಳಿಯಿತು, 2021ರಲ್ಲಿ ಹೊಸಪೇಟೆಯೂ ಹಂಪಿಯೂ ವಿಜಯನಗರ ಜಿಲ್ಲೆಗೆ ಹೋದವು. ಗಡಿಯ ಈ ಏರುಪೇರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಎರಡು ದಶಕಗಳ ತಾಲ್ಲೂಕು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಜನ ಗುಳೆ ಹೋದಂತೆ ಕಾಣುತ್ತದೆ, ಆದರೆ ಕದಲಿರುವುದು ನಕ್ಷೆಯ ಗೆರೆ ಮಾತ್ರ. ನಿಜಕ್ಕೂ ಜನ ಇಲ್ಲವಾದದ್ದನ್ನು ಹೇಳುವ ಅಂಕಿಗಳೂ ಇವೆ: 1876–78ರ ಬರದ ಪರಿಣಾಮವಾಗಿ 1871 ಮತ್ತು 1881ರ ಗಣತಿಗಳ ನಡುವೆ ಬಳ್ಳಾರಿ ಸೀಮೆಯ ಜನಸಂಖ್ಯೆ ಸುಮಾರು ಐದನೇ ಒಂದು ಪಾಲು ಕುಸಿದಿತ್ತು. ಗಣತಿದಾರರು ಮನೆಮನೆಗೆ ಹೋಗಿ ಬರೆದುಕೊಂಡ ಹೆಸರುಗಳನ್ನು 1948ರ ಜನಗಣತಿ ಕಾಯ್ದೆ ಗೋಪ್ಯವಾಗಿರಿಸುವುದರಿಂದ, ಮನೆತನದ ಚರಿತ್ರೆ ಬೇಕಾದವರು ಮತದಾರರ ಪಟ್ಟಿ, ಶಾಲೆಯ ದಾಖಲಾತಿ ವಹಿ, ಜನನ–ಮರಣ ನೋಂದಣಿಗಳತ್ತ ತಿರುಗಬೇಕಾಗುತ್ತದೆ.

ಅಂಕಿ ಮುಗಿದಲ್ಲಿ ಮಾತನಾಡತೊಡಗುವುದು ಭೂದಾಖಲೆ, ಮತ್ತು ತೋರಣಗಲ್ಲಿನಂಥ ಊರಿಗೆ ಇದಕ್ಕಿಂತ ಶ್ರೀಮಂತ ಆಕರ ಇನ್ನೊಂದಿಲ್ಲವೆಂದೇ ಹೇಳಬಹುದು. ವಿಜಯನಗರ ಉಕ್ಕಿನ ಕಾರ್ಖಾನೆಗೆ 1971ರಲ್ಲಿ ಇಂದಿರಾ ಗಾಂಧಿ ಶಂಕುಸ್ಥಾಪನೆ ಮಾಡಿದರು; ಖಾಸಗಿ ಕಂಪನಿಯಿಂದ ಕಾರ್ಖಾನೆ ಮೇಲೆದ್ದುದು 1990ರ ದಶಕದಲ್ಲಿ. ಇಂಥ ಯೋಜನೆಗೆ ಹೊಲ ಹೋಗುವಾಗ ರಾಜ್ಯಪತ್ರದಲ್ಲಿ ಎರಡು ಪ್ರಕಟಣೆಗಳು ಬರುತ್ತವೆ: 2013ರ ಕೊನೆಯವರೆಗೆ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯಾದರೆ 4(1) ಮತ್ತು 6(1)ನೇ ಕಲಮುಗಳಡಿ, 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಾದರೆ 28(1) ಮತ್ತು 28(4)ರಡಿ. ಸರ್ವೆ ನಂಬರು, ಖಾತೆದಾರ ಮತ್ತು ಅನುಭವದಾರನ ಹೆಸರು, ಕುಷ್ಕಿಯೋ ತರಿಯೋ ಬಾಗಾಯ್ತೋ ಎಂಬ ವರ್ಗ, ಎಕರೆ–ಗುಂಟೆ ಇವುಗಳ ಜೊತೆಗೆ ಚಕ್ಕುಬಂದಿಯನ್ನೂ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಯನ್ನೂ ಇಂಥ ಪಟ್ಟಿಗಳಲ್ಲಿ ನಮೂದಿಸುವುದುಂಟು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಇಂಥವರ ಹೊಲ ಎಂಬಂಥ ನಮೂದುಗಳನ್ನು ಒಂದಕ್ಕೊಂದು ಹೊಂದಿಸುತ್ತ ಹೋದರೆ, ಕಾಂಪೌಂಡಿನೊಳಗೆ ಸೇರಿಹೋದ ಬಯಲು ಮತ್ತೆ ಕಾಗದದ ಮೇಲೆ ಮೂಡುತ್ತದೆ. ಪರಿಹಾರ ನಿಗದಿಪಡಿಸುವ ಅವಾರ್ಡ್ ಎಂಬ ಐತೀರ್ಪಿನಲ್ಲಿ ಇನ್ನೂ ಹೆಚ್ಚು ಸಂಗತಿಗಳಿರುತ್ತವೆ. ಬೆಲೆ ಕಟ್ಟಲು ಅಧಿಕಾರಿಯು ಆ ಊರಿನ ಇತ್ತೀಚಿನ ಕ್ರಯಪತ್ರಗಳನ್ನು ಪರಿಶೀಲಿಸಿ, ಹೊಲದಲ್ಲಿದ್ದ ಬಾವಿ, ಮರಗಳಿಗೂ ಲೆಕ್ಕ ಹಾಕಿರುತ್ತಾನೆ.

ಗೇಣಿದಾರರ ಚರಿತ್ರೆಗೆ ಭೂನ್ಯಾಯ ಮಂಡಳಿಯ ಕಡತಗಳು ಬೇಕು. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಉಳುವವನು ಒಡೆತನ ಕೋರಿ ಸಲ್ಲಿಸಿದ 7ನೇ ನಮೂನೆಯ ಅರ್ಜಿಗಳೂ ಅವುಗಳ ಜೊತೆಗಿನ ಸಾಕ್ಷಿ ಹೇಳಿಕೆಗಳೂ ಈ ಕಡತಗಳಲ್ಲಿವೆ. 1973ರಲ್ಲಿ ಭೂ ಹೋರಾಟ ನಡೆದ ಸಂಡೂರಿನಲ್ಲಿ ಇವುಗಳಿಗಿರುವ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಣಿಯ ಕಾಲಕ್ಕೆ ಬಂದರೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ಕುರಿತ 2008 ಮತ್ತು 2011ರ ವರದಿಗಳೂ, ಸಮಾಜ ಪರಿವರ್ತನಾ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2013ರ ಏಪ್ರಿಲ್ 18ರಂದು ಕೊಟ್ಟ ತೀರ್ಪೂ ಎಲ್ಲರಿಗೂ ಸಿಗುವ ದಾಖಲೆಗಳು. ವಕೀಲರು ತೀರ್ಪಿನ ಕೊನೆಯ ಆದೇಶವನ್ನು ಓದುತ್ತಾರೆ. ಚರಿತ್ರೆಕಾರನಿಗೆ ಬೇಕಾದ ಗುತ್ತಿಗೆಯ ವರ್ಷ, ಬೆಟ್ಟದ ಹೆಸರು, ಗಡಿಯ ತಕರಾರು ಇರುವುದು ಮೊದಲ ಪುಟಗಳ ಪ್ರಕರಣ ವಿವರದಲ್ಲಿ. ಇವನ್ನು ಅಂತರ್ಜಾಲದಲ್ಲಿ ಹುಡುಕುವಾಗ ಬೆಲ್ಲಾರಿ, ಹಾಸ್ಪೆಟ್ ಎಂಬ 2014ಕ್ಕಿಂತ ಹಿಂದಿನ ಇಂಗ್ಲಿಷ್ ಕಾಗುಣಿತಗಳನ್ನೂ ಹಾಕಿ ನೋಡಬೇಕು.

ಕಚೇರಿಯ ಅಭಿಲೇಖಾಲಯದಲ್ಲಿರುವ ಕಡತಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆಯೇ ದಾರಿ. ಕರ್ನಾಟಕದ ನಿಯಮದಂತೆ ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿಯಲ್ಲಿ ಒಂದೇ ವಿಷಯವನ್ನು 150 ಪದಗಳೊಳಗೆ ಕೇಳಬೇಕಾದ್ದರಿಂದ, ಊರಿನ ಚರಿತ್ರೆಗೆ ಸಂಬಂಧಿಸಿದ ಎಲ್ಲ ದಾಖಲೆ ಕೊಡಿ ಎಂದು ಬರೆದವರಿಗೆ ಹಿಂಬರಹವಷ್ಟೇ ಬರುತ್ತದೆ. ರಾಜ್ಯಪತ್ರದ ದಿನಾಂಕ, ಸರ್ವೆ ನಂಬರು ಮತ್ತು ಅವಾರ್ಡಿನ ವರ್ಷವನ್ನು ಮೊದಲೇ ಕಲೆಹಾಕಿಕೊಂಡು, ನಕಲು ಕೇಳುವುದಕ್ಕೆ ಮುನ್ನ ಕಡತದ ಪರಿಶೀಲನೆಗೆ ಅವಕಾಶ ಕೋರುವುದು ಜಾಣತನ. ಯಾವ ಹಾಳೆ ಬೇಕೆಂಬುದು ಕಟ್ಟು ಬಿಚ್ಚಿ ನೋಡಿದ ಮೇಲೆಯೇ ತಿಳಿಯುತ್ತದೆ.