ಉಸುಕಿನ ನಡುಗಡ್ಡೆಗೆ ಗಾಡಿ ಇಳಿಸುವ ಮುನ್ನ

ಉಮರ್ಗಾ ತಾಲೂಕಿನ ತುರೋರಿಯಲ್ಲಿ ಟ್ರ್ಯಾಕ್ಟರ್ ಹೊಡೆಯುವವರಿಗೆ ಎರಿ ಮಣ್ಣಿನ ಸ್ವಭಾವ ಹೇಳಿಕೊಡಬೇಕಿಲ್ಲ. ಮಳೆನೀರು ಕುಡಿದ ಎರಿ ಉಬ್ಬಿ ಅಂಟಾಗುತ್ತದೆ, ಗಾಲಿಯ ಹಲ್ಲುಗಳ ಸಂದಿಗೆ ಮೆತ್ತಿಕೊಂಡು ಹಿಡಿತ ತಪ್ಪಿಸುತ್ತದೆ. ಹಸಿ ಆರುವ ತನಕ ಹೊಲಕ್ಕೆ ಗಾಡಿ ಇಳಿಸುವುದಿಲ್ಲ. ಉಸುಕಿನ ಗುಣ ಇದಕ್ಕೆ ಪೂರಾ ಉಲ್ಟಾ. ಅದು ಗಾಲಿ ನುಂಗುವುದು ಒಣಗಿದಾಗ. ಸಮುದ್ರ ಆಗಷ್ಟೇ ಹಿಂದೆ ಸರಿದ ಹಸಿ ಉಸುಕು ಗಟ್ಟಿಯಾಗಿರುತ್ತದೆ. ಕೇರಳದ ಕಣ್ಣೂರಿನ ಹತ್ತಿರ ಮುಳಪ್ಪಿಲಂಗಾಡ್ ತೀರದಲ್ಲಿ ಸಾದಾ ಕಾರುಗಳೂ ಸುಮಾರು 4 ಕಿ.ಮೀ. ಓಡುವುದು ಇಂಥ ಗಟ್ಟಿ ಉಸುಕಿನ ಮೇಲೆಯೇ.

ಆಸ್ಟ್ರೇಲಿಯಾದ ಕ್‌ಗಾರಿಯಲ್ಲಿ ಆ ಸಲುಗೆ ನಡೆಯದು. ಬ್ರಿಸ್ಬೇನಿನ ಉತ್ತರಕ್ಕಿರುವ ಇದು ಜಗತ್ತಿನ ಅತಿ ದೊಡ್ಡ ಉಸುಕಿನ ನಡುಗಡ್ಡೆ. ಉದ್ದ 120 ಕಿ.ಮೀ.ಗೂ ಹೆಚ್ಚು. 1992ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಫ್ರೇಸರ್ ಐಲ್ಯಾಂಡ್ ಎನ್ನಿಸಿಕೊಂಡಿದ್ದ ನೆಲಕ್ಕೆ ಬುಚುಲ್ಲಾ ಮೂಲನಿವಾಸಿಗಳ ಹೆಸರು 2023ರಲ್ಲಿ ಅಧಿಕೃತವಾಗಿ ಮರಳಿತು. ಹೊರಗಿನ ಹೆದ್ದಾರಿಗಳಂಥ ಡಾಂಬರು ರಸ್ತೆ ಇಲ್ಲಿಲ್ಲ. ಪೂರ್ವದ ಕಡಲತೀರವೇ ಹೆದ್ದಾರಿ, ಸಣ್ಣ ವಿಮಾನಗಳೂ ಅದರ ಮೇಲೆಯೇ ಇಳಿಯುತ್ತವೆ! ಅಲ್ಲಿ ವೇಗದ ಮಿತಿ ಗಂಟೆಗೆ 80 ಕಿ.ಮೀ., ಕಾಡಿನೊಳಗಿನ ದಾರಿಗಳಲ್ಲಿ 30.

ತಯಾರಿ ಶುರುವಾಗುವುದು ಗಾಡಿಯ ಆಯ್ಕೆಯಿಂದ. ನೆಲದಿಂದ ಎತ್ತರವಿರುವ, ಲೋ ಗೇರ್ ಇರುವ ನಿಜವಾದ ಫೋರ್ ವೀಲ್ ಡ್ರೈವ್ ಬೇಕು. ಜೊತೆಗೆ ಕ್ವೀನ್ಸ್‌ಲ್ಯಾಂಡ್ ಸರ್ಕಾರದ ವಾಹನ ಪರವಾನಗಿ. ಬಾಡಿಗೆ ಗಾಡಿಯಾದರೆ ಉಸುಕಿನ ಮೇಲೆ ಓಡಿಸಲು ಒಪ್ಪಿಗೆ ಇದೆಯೇ ಎಂದು ಕರಾರಿನಲ್ಲಿ ಮೊದಲೇ ನೋಡಿಕೊಳ್ಳಬೇಕು.

ಇನ್ನು ಟಯರಿನ ಗಾಳಿ. ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ, ಹೊಸಬರು ಸೋಮಾರಿತನ ಮಾಡುವುದೂ ಇಲ್ಲೇ. ಡಾಂಬರಿನ ಮೇಲೆ 35 ಪಿಎಸ್‌ಐ ಆಸುಪಾಸಿನ ಗಾಳಿಯಿದ್ದರೆ, ಉಸುಕಿಗೆ ಇಳಿಯುವ ಮುಂಚೆ 20ರ ಹತ್ತಿರಕ್ಕೆ ಇಳಿಸುತ್ತಾರೆ. ಆಗ ಟಯರು ಮುಖ್ಯವಾಗಿ ಅಗಲವಾಗುವುದಿಲ್ಲ, ನೆಲ ಮುಟ್ಟುವ ಭಾಗ ಉದ್ದವಾಗುತ್ತದೆ. ಗಾಡಿಯ ಭಾರ ಹಂಚಿಹೋಗಿ ಗಾಲಿ ಅಗೆಯುವ ಬದಲು ಮೇಲೆ ತೇಲುತ್ತದೆ. ತೀರಾ ಇಳಿಸಿದರೆ ತಿರುವಿನಲ್ಲಿ ಟಯರು ರಿಮ್ಮಿನಿಂದ ಕಳಚಬಹುದು. ಹಾಗಾಗಿ ನಿಧಾನ ಬೇಕು. ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ 1920-30ರ ದಶಕಗಳಲ್ಲಿ ಫೋರ್ಡ್ ಕಾರುಗಳೊಂದಿಗೆ ಲಿಬಿಯಾ ಮರುಭೂಮಿ ಹೊಕ್ಕಾಗ ಬಳಸಿದ್ದೂ ಗಾಳಿ ಇಳಿಸುವ ಇದೇ ಉಪಾಯ. ಸಿಕ್ಕಿಬಿದ್ದ ಗಾಲಿಗಳ ಕೆಳಗೆ ಅವರು ಕಬ್ಬಿಣದ ಪಟ್ಟಿಗಳನ್ನು ಇಡುತ್ತಿದ್ದರು. ಇಂದಿನ ಪ್ಲಾಸ್ಟಿಕ್ ಹಲಗೆಗಳು ಅವುಗಳದೇ ಸಂತಾನ.

ಗಾಡಿ ಹೂತರೆ ಮೊದಲು ಬರುವ ಆಸೆ ಎಕ್ಸಲರೇಟರ್ ಒತ್ತುವುದು. ಅದೇ ಅನಾಹುತ. ಗಾಲಿ ಸುತ್ತಿದಷ್ಟೂ ಗುಂಡಿ ಆಳವಾಗಿ, ಕೊನೆಗೆ ಗಾಡಿಯ ಹೊಟ್ಟೆ ಉಸುಕಿನ ಮೇಲೆ ಕೂತುಬಿಡುತ್ತದೆ. ಕಾಲು ತೆಗೆದು, ಸಲಿಕೆಯಿಂದ ಗಾಲಿಯ ಹಿಂದುಮುಂದಿನ ಉಸುಕು ತೋಡಿ, ಇನ್ನಷ್ಟು ಗಾಳಿ ಇಳಿಸಿ, ಬಂದ ಜಾಡಿನಲ್ಲೇ ರಿವರ್ಸ್ ಬರುವುದು ಸುರಕ್ಷಿತ. ಇನ್ನೊಂದು ಗಾಡಿಯಿಂದ ಎಳೆಸುವುದಾದರೆ ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಉಂಡೆಗೆ ಎಳೆಯುವ ಪಟ್ಟಿ ಕಟ್ಟಲೇಬಾರದು. ಜಗ್ಗಿದಾಗ ಆ ಉಂಡೆ ಮುರಿದು ಗುಂಡಿನಂತೆ ಹಾರಿ ಜನ ಸತ್ತಿದ್ದಾರೆ. ಎಳೆಯಲೆಂದೇ ಕೂರಿಸಿದ ಕೊಂಡಿಗಳು ಬೇರೆ ಇರುತ್ತವೆ.

ಉಬ್ಬರ-ಇಳಿತದ ವೇಳಾಪಟ್ಟಿ ಕಿಸೆಯಲ್ಲಿರಬೇಕು. ಉಬ್ಬರ ಪೂರ್ತಿ ಏರುವ ಹೊತ್ತಿಗೆ ಎರಡು ತಾಸು ಮುಂಚೆ, ಎರಡು ತಾಸು ನಂತರ ತೀರ ಬಿಟ್ಟಿರುವುದು ಲೇಸು. ಹಳ್ಳಗಳು ಸಮುದ್ರ ಸೇರುವಲ್ಲಿ ರಾತ್ರೋರಾತ್ರಿ ಕೊರಕಲು ಬೀಳುತ್ತವೆ, ವೇಗದಲ್ಲಿದ್ದರೆ ಕಾಣುವುದಿಲ್ಲ. ಈ ಕಡಲನ್ನು ಹಗುರವಾಗಿ ಎಣಿಸಬಾರದು ಎಂಬುದಕ್ಕೆ ಸಾಕ್ಷಿಯಾಗಿ, 1935ರಲ್ಲಿ ಬಿರುಗಾಳಿಗೆ ಸಿಕ್ಕು ಇಲ್ಲಿ ದಡ ಹತ್ತಿದ ಮಹೆನೊ ಹಡಗಿನ ಅಸ್ಥಿಪಂಜರ ತುಕ್ಕು ಹಿಡಿದು ಈಗಲೂ ಬಿದ್ದಿದೆ.

ಮರಳಿ ಬಂದಮೇಲೂ ಕೆಲಸವಿದೆ. ಡಾಂಬರು ಹತ್ತುವ ಮುನ್ನ ಕಂಪ್ರೆಸರಿನಿಂದ ಗಾಳಿ ತುಂಬಿಸಬೇಕು. ಚಾಸಿ, ಬ್ರೇಕು, ಸ್ಪ್ರಿಂಗುಗಳ ಸಂದಿಗಳಿಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆಯಬೇಕು.