ಪರೋಕ್ಷ ಧೂಮಪಾನ: ಒಂದೇ ಪಾಠವನ್ನು ಎರಡು ಸಲ ಮಾಡಿದ್ದು

ಬೋಧನಾಭ್ಯಾಸದ ಎರಡನೆಯ ವಾರ ಎಂಟನೆಯ ತರಗತಿಗೆ ಪರೋಕ್ಷ ಧೂಮಪಾನದ ಬಗ್ಗೆ ಪಾಠ ಮಾಡಿದೆ. ಒಬ್ಬರು ಸೇದಿದ ಬೀಡಿ, ಸಿಗರೇಟಿನ ಹೊಗೆಯನ್ನು ಸೇದದವರು ಉಸಿರಾಡುವುದೇ ಪರೋಕ್ಷ ಧೂಮಪಾನ. ಪಾಠಯೋಜನೆಯಲ್ಲಿ ‘ಧೂಮಪಾನ ಮಾಡುವವರಿಂದ ವಿದ್ಯಾರ್ಥಿಗಳು ದೂರವಿರುವರು’ ಎಂದು ಕಲಿಕಾಫಲ ಬರೆದಿದ್ದೆ. ಆ ವಾಕ್ಯವನ್ನು ಆಮೇಲೆ ನಾನೇ ಹೊಡೆದುಹಾಕಬೇಕಾಯಿತು.

ಬೋಧನೋಪಕರಣವಾಗಿ ಒಂದು ಊದುಬತ್ತಿ ಒಯ್ದಿದ್ದೆ. ಕಿಟಕಿಗಳನ್ನೆಲ್ಲ ತೆರೆಸಿ, ಕಪ್ಪುಹಲಗೆಯ ಬಳಿ ಬತ್ತಿ ಹಚ್ಚಿ, ವಾಸನೆ ಬಂದವರು ಕೈ ಎತ್ತಿ ಎಂದೆ. ಹೊಗೆಯ ಎಳೆ ಸ್ವಲ್ಪ ಮೇಲಕ್ಕೆ ಹೋಗಿ ಕಾಣದಾಯಿತು. ಆದರೆ ಮೊದಲ ಸಾಲಿನಲ್ಲಿ ಶುರುವಾದ ಕೈಗಳು ಕೊನೆಯ ಸಾಲಿನವರೆಗೂ ಎದ್ದವು. ಕಿಟಕಿ ತೆರೆದಿದ್ದರೂ, ಹೊಗೆ ಕಾಣದಿದ್ದರೂ ಅದು ಎಲ್ಲರನ್ನೂ ಮುಟ್ಟುತ್ತದೆ ಎಂಬುದನ್ನು ನಾನು ಹೇಳಬೇಕಾಗಲಿಲ್ಲ. ಬತ್ತಿ ಆರಿಸಿ ವಿವರಣೆಗೆ ತೊಡಗಿದೆ.

ಉರಿಯುವ ಬೀಡಿಯ ಹೊಗೆ ಎರಡು ಬಗೆಯಲ್ಲಿ ಗಾಳಿಗೆ ಸೇರುತ್ತದೆ. ಸೇದುವವರು ಎಳೆದು ಹೊರಬಿಡುವುದು ಒಂದು. ಎರಡು ದಮ್ಮಿನ ನಡುವೆ ಉರಿಯುವ ತುದಿಯಿಂದ ತಾನಾಗಿ ಏಳುವುದು ಇನ್ನೊಂದು. ಪಕ್ಕದವರ ಉಸಿರಿಗೆ ಸೇರುವುದರಲ್ಲಿ ಎರಡನೆಯದೇ ಹೆಚ್ಚು. ಆಗ ತಂಬಾಕು ಕಡಿಮೆ ಶಾಖದಲ್ಲಿ ಅರೆಬರೆ ಉರಿಯುವುದರಿಂದ ಹಲವು ವಿಷವಸ್ತುಗಳು ಅದರಲ್ಲಿ ಹೆಚ್ಚಾಗಿರುತ್ತವೆ. ಸಿಗರೇಟಿನ ಫಿಲ್ಟರ್ ಇರುವುದು ಬಾಯಿಯ ತುದಿಯಲ್ಲಿ. ಉರಿಯುವ ತುದಿಯ ಹೊಗೆಯನ್ನು ಅದು ತಡೆಯುವುದಿಲ್ಲ. ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಬೆಂಜೀನ್, ಫಾರ್ಮಾಲ್ಡಿಹೈಡ್ ಸೇರಿದಂತೆ ಅವುಗಳಲ್ಲಿ ಕನಿಷ್ಠ 69 ಕ್ಯಾನ್ಸರ್‌ಕಾರಕಗಳು.

ಇದು ಬರೀ ಊಹೆಯಲ್ಲ. ಜಪಾನಿನ ವಿಜ್ಞಾನಿ ತಕೇಶಿ ಹಿರಾಯಾಮ ಅವರು ಧೂಮಪಾನ ಮಾಡದ 91,540 ಗೃಹಿಣಿಯರನ್ನು 14 ವರ್ಷ ಗಮನಿಸಿ 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಾಗಿತ್ತು. ಹೃದ್ರೋಗಕ್ಕೂ ಈ ಹೊಗೆ ಕಾರಣ. ಮಕ್ಕಳ ಶ್ವಾಸನಾಳ ಕಿರಿದು, ಉಸಿರಾಟ ದೊಡ್ಡವರಿಗಿಂತ ವೇಗ. ಆದ್ದರಿಂದ ಉಬ್ಬಸ, ನ್ಯುಮೋನಿಯಾ, ಕಿವಿಯ ಸೋಂಕು ಅವರನ್ನು ಬೇಗ ಹಿಡಿಯುತ್ತವೆ. ಇಷ್ಟು ಹೊಗೆಯಾದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಪ್ರಮಾಣವೇ ಇಲ್ಲ.

ಪಾಠ ಮುಗಿಸುವಾಗ ಒಬ್ಬ ಹುಡುಗಿ ಎದ್ದು ನಿಂತಳು. “ಮಿಸ್, ನಮ್ಮದು ಒಂದೇ ಕೋಣೆ. ಅಪ್ಪ ಒಳಗೇ ಬೀಡಿ ಸೇದ್ತಾರೆ. ತಮ್ಮನಿಗೆ ಉಬ್ಬಸ ಇದೆ. ದೂರ ಅಂದ್ರೆ ಎಲ್ಲಿಗೆ ಹೋಗೋದು?” ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ಕುಳ್ಳಿರಿಸಿದೆ.

ಅವಳ ಪ್ರಶ್ನೆಗೆ ಕಾನೂನಿನಲ್ಲೂ ಉತ್ತರವಿಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆಯಡಿ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ಸಾರ್ವಜನಿಕ ಸ್ಥಳಗಳಿಗೆ ಮಾತ್ರ ಅನ್ವಯಿಸುತ್ತವೆ. ಮನೆಯ ಹೊಸ್ತಿಲು ದಾಟುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 38.7 ಮಂದಿ ಈ ಹೊಗೆಗೆ ಒಳಗಾಗುವುದು ಮನೆಯಲ್ಲೇ.

ಮರುದಿನ ಅದೇ ಊದುಬತ್ತಿಯಿಂದ ಮತ್ತೆ ಆರಂಭಿಸಿದೆ. ಮೊದಲು ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಹಚ್ಚಿಟ್ಟೆ. ಮುಂದಿನ ಎರಡು ಸಾಲಿನವರು ಕೈ ಎತ್ತಿದರು. ಆಮೇಲೆ ಅಂಗಳದಾಚೆಯ ಬೇವಿನ ಮರದಡಿ ಇರಿಸಿದೆ. ಒಂದು ಕೈಯೂ ಏಳಲಿಲ್ಲ. ಹೊಸ್ತಿಲಲ್ಲಿ ಕೂತು ಸೇದಿದರೆ ಸಾಲದು, ಬಾಗಿಲು ಕಿಟಕಿಗಳಿಂದ ದೂರ ಹೋಗಬೇಕು ಎಂದು ಮಕ್ಕಳೇ ಹೇಳಿದರು.

ಕಲಿಕಾಫಲವನ್ನು ಹೀಗೆ ತಿದ್ದಿದೆ: ‘ಮನೆಯೊಳಗೆ ಸೇದಬೇಡಿ ಎಂದು ಹಿರಿಯರನ್ನು ಕಾರಣಸಹಿತ, ಗೌರವದಿಂದ ಕೇಳಿಕೊಳ್ಳುವರು.’ ಬಿಡಿ ಎನ್ನುವುದಕ್ಕಿಂತ ಹೊರಗೆ ಹೋಗಿ ಎನ್ನುವುದು ಮಗುವಿನ ಬಾಯಿಗೆ ಸುಲಭ. ಬಿಡಲು ಮನಸ್ಸಿರುವ ಹಿರಿಯರಿಗಾಗಿ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಅನ್ನು ಕಪ್ಪುಹಲಗೆಯ ಮೇಲೆ ಬರೆದೆ. ‘ಯಾರ ಮನೆಯಲ್ಲಿ ಸೇದುತ್ತಾರೆ?’ ಎಂದು ಮಾತ್ರ ಕೇಳಲಿಲ್ಲ. ಈ ಪಾಠ ಮಾಡುವ ಗೆಳೆಯರಲ್ಲೂ ನನ್ನ ವಿನಂತಿ ಅದೇ: ಅಪ್ಪನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದರೆ ಮಗು ಮನೆಗೆ ಹೋಗಿ ಮಾತೇ ಎತ್ತುವುದಿಲ್ಲ.

ನನ್ನ ಬೋಧನಾಭ್ಯಾಸ ಮುಗಿಯುವ ದಿನ ಆ ಹುಡುಗಿ ಹೇಳಿದಳು: “ಅಪ್ಪ ಈಗ ಹೊರಗೆ ಹೋಗ್ತಾರೆ ಮಿಸ್. ಮಳೆ ಬಂದಾಗ ಮಾತ್ರ ಒಳಗೆ.” ಮಳೆಗಾಲದ ಪಾಠ ಇನ್ನೂ ಬಾಕಿ ಇದೆ.