ಮೊದಲನೆಯ ಮಹಾಯುದ್ಧದಲ್ಲಿ ಮೈಸೂರಿನ ರಾವುತರು

ಹಳೇಬೀಡಿಗೆ ಹೊಂದಿಕೊಂಡ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಗೆ ವಿಜಯ ಪಾರ್ಶ್ವನಾಥನ ಬಸದಿಯೆಂಬ ಹೆಸರು ಬಂದ ಬಗೆಯನ್ನು ಶಾಸನವೇ ಹೇಳುತ್ತದೆ. ದಂಡನಾಯಕ ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ಕ್ರಿ.ಶ. 1133 ರಲ್ಲಿ ಈ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವನ್ನು ಹೊತ್ತ ಅರ್ಚಕರು ಬಂಕಾಪುರದಲ್ಲಿ ಬೀಡುಬಿಟ್ಟಿದ್ದ ವಿಷ್ಣುವರ್ಧನನ ಬಳಿಗೆ ಹೋದಾಗ ಅರಸನಿಗೆ ಸಮರದಲ್ಲಿ ಗೆಲವೂ ದೊರೆತಿತ್ತು, ಮಗನೂ ಹುಟ್ಟಿದ್ದನು. ಹರ್ಷಚಿತ್ತನಾದ ಅರಸನು ದೇವರಿಗೆ ವಿಜಯ ಪಾರ್ಶ್ವನೆಂದೂ, ಕುಮಾರನಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟನು. ಹೀಗೆ ಒಂದು ಗೆಲವು ದೇವರಿಗೂ ಅರಸುಮಗನಿಗೂ ಹೆಸರಾಯಿತು. ಆ ಗೆಲವನ್ನು ತಂದುಕೊಟ್ಟ ಕಾಲಾಳು ರಾವುತರ ಹೆಸರುಗಳು ಅಲ್ಲಿಲ್ಲ.

ಆದರೆ ಕನ್ನಡ ನಾಡು ಅವರನ್ನು ಪೂರ್ತಿ ಮರೆಯಿತೆನ್ನುವುದು ಸಲ್ಲದು. ಊರ ಮುಂದಿನ ವೀರಗಲ್ಲುಗಳು ಅವರಿಗಾಗಿಯೇ ನಿಂತವು. ಮಡಿದವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಡುವ ಪದ್ಧತಿಯೂ ಇತ್ತು. ಒಡೆಯನ ಅನ್ನವನ್ನುಂಡವನು ಅವನಿಗಾಗಿ ಪ್ರಾಣವನ್ನು ತೆರಬೇಕೆಂಬ ಹೊಣೆಗೆ ನಮ್ಮ ಹಿಂದಿನವರು ಜೋಳವಾಳಿಯೆಂದರು. ಅದರ ತುತ್ತತುದಿಯ ನಿದರ್ಶನವನ್ನು ಹೊಯ್ಸಳೇಶ್ವರನ ಗುಡಿಯ ಆವರಣದಲ್ಲಿರುವ ಗರುಡಗಂಬದಲ್ಲಿ ಕಾಣಬಹುದು: ಇಮ್ಮಡಿ ಬಲ್ಲಾಳನ ಅಂಗರಕ್ಷಕನಾದ ಕುವರ ಲಕ್ಷ್ಮನು ಅರಸನೊಡನೆ ತಾನೂ ಪ್ರಾಣವನ್ನು ಬಿಟ್ಟ ಕಥೆ ಅಲ್ಲಿದೆ. ಈ ಜೋಳವಾಳಿಯ ಹೊಣೆ ಇಪ್ಪತ್ತನೆಯ ಶತಮಾನದಲ್ಲಿ ಮೈಸೂರಿನ ಕೆಲವು ನೂರು ರಾವುತರನ್ನು ಕಡಲಾಚೆಯ ಮರುಭೂಮಿಗೆ ಕೊಂಡೊಯ್ದಿತು. ಆ ವೃತ್ತಾಂತವನ್ನು ಅರಿಯಬೇಕಾದರೆ ಮೊದಲು ಆ ಮಹಾಯುದ್ಧದ ಸ್ಥೂಲರೂಪವನ್ನು ನೋಡಬೇಕು.

1914 ರ ಆಗಸ್ಟಿನಲ್ಲಿ ಯೂರೋಪಿನಲ್ಲಿ ಹೊತ್ತಿದ ಬೆಂಕಿ ಸೆಪ್ಟೆಂಬರಿನ ಮಾರ್ನ್ ಕಾಳಗದ ಅನಂತರ ಕಂದಕಗಳ ಯುದ್ಧವಾಗಿ ಹೆಪ್ಪುಗಟ್ಟಿತು. ಈಪ್ರ್, ವರ್ದೂನ್, ಸೋಮ್ ಮೊದಲಾದ ರಣರಂಗಗಳಲ್ಲಿ ಲಕ್ಷೋಪಲಕ್ಷ ಜನ ಕೆಲವು ಮೈಲಿ ನೆಲಕ್ಕಾಗಿ ಮಡಿದರು. ಮೆಷಿನ್‌ಗನ್ನಿನ ಮುಂದೆ ಕುದುರೆಗೆ ಬೆಲೆಯಿಲ್ಲವೆಂಬುದು ಅಲ್ಲಿ ಬೇಗನೆ ಸ್ಥಿರಪಟ್ಟಿತು. ಭಾರತದಿಂದ ಹತ್ತು ಲಕ್ಷಕ್ಕೂ ಮಿಕ್ಕಿದ ಜನ ಹೊರದೇಶಗಳಿಗೆ ಹೋದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಹಿಂದಿರುಗಲಿಲ್ಲ. ಅವರು ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ ಕಾದಿದರು, ಗಲಿಪೊಲಿಯಲ್ಲಿ ಕಾದಿದರು, ಮೆಸೊಪೊಟೇಮಿಯದ ಕೂಟ್ ಕೋಟೆಯಲ್ಲಿ ಹಸಿವಿನಿಂದ ಕಂಗೆಟ್ಟು 1916 ರ ಏಪ್ರಿಲಿನಲ್ಲಿ ಸೆರೆಯಾದರು. ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿನ ಬಯಲುಗಳಲ್ಲಿ ಮಾತ್ರ ಕುದುರೆಗೆ ಓಡಲು ಇನ್ನೂ ಎಡೆಯಿತ್ತು. ಮೈಸೂರಿನವರು ಹೋದದ್ದು ಅಲ್ಲಿಗೆ.

ಆಗ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ದಿವಾನ ಪದವಿಯಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿದ್ದರು. ಯುದ್ಧ ಘೋಷಣೆಯಾದ ಕೂಡಲೇ ಮಹಾರಾಜರು ಭಾರತೀಯ ಪಡೆಗಳ ವೆಚ್ಚಕ್ಕೆಂದು ಐವತ್ತು ಲಕ್ಷ ರೂಪಾಯಿಗಳನ್ನು ಕೊಟ್ಟರು. ಅದು ಎಷ್ಟು ದೊಡ್ಡ ಮೊತ್ತವೆಂಬುದನ್ನು ಅರಿಯಲು ಒಂದು ಹೋಲಿಕೆ ಸಾಕು: 1911 ರಲ್ಲಿ ಕನ್ನಂಬಾಡಿ ಕಟ್ಟೆಗೆ ಮಂಜೂರಾದದ್ದು ಎಂಬತ್ತೊಂದು ಲಕ್ಷ. ಒಂದು ಕಾವೇರಿಯನ್ನು ಕಟ್ಟುವ ಹಣದ ಅರ್ಧಕ್ಕಿಂತ ಹೆಚ್ಚು ಪಾಲು ದೂರದ ರಣರಂಗಕ್ಕೆ ಹರಿಯಿತೆಂದಾಯಿತು. ಹಣದ ಜೊತೆಗೆ ಜನವೂ ಹೋಗಬೇಕಾಯಿತು. ದೇಶೀಯ ಸಂಸ್ಥಾನಗಳು ಚಕ್ರಾಧಿಪತ್ಯದ ಸೇವೆಗಾಗಿ ತಮ್ಮ ಖರ್ಚಿನಲ್ಲಿ ಸಾಕಿ ಸಿದ್ಧವಾಗಿಡತಕ್ಕ ಪಡೆಗಳೆಂಬ ಏರ್ಪಾಡು 1889 ರ ಸುಮಾರಿನಿಂದ ಜಾರಿಯಲ್ಲಿತ್ತು. ಅದರಂತೆ ಮೈಸೂರು ತನ್ನ ಹಳೆಯ ಸಿಲ್ಲೇದಾರ ಅಶ್ವಬಲದ ಪರಂಪರೆಯಿಂದ ಈಟಿ ಹಿಡಿದ ಒಂದು ರಾವುತ ದಳವನ್ನು ರೂಪಿಸಿತ್ತು. ಇದೇ ಮೈಸೂರು ಲ್ಯಾನ್ಸರ್ಸ್. ಅದರಲ್ಲಿ ಅರಸು ಮನೆತನದವರು, ಮರಾಠರು, ಮುಸಲ್ಮಾನರು ಜೊತೆಜೊತೆಯಾಗಿದ್ದರು. ರಾಜಬಂಧುಗಳಾದ ಬಿ. ಚಾಮರಾಜ ಅರಸು, ಜೆ. ದೇಸರಾಜ ಅರಸು ಇವರು ಅಧಿಕಾರಿಗಳಾಗಿ ಹೋದರು.

1914 ರ ಅಕ್ಟೋಬರಿನಲ್ಲಿ ದಳವು ಬೆಂಗಳೂರನ್ನು ಬಿಟ್ಟಿತು. ತುರ್ಕಿಯೊಡನೆ ಯುದ್ಧ ಇನ್ನೂ ಆರಂಭವಾಗಿರಲಿಲ್ಲವೆಂಬುದು ಗಮನಾರ್ಹ. ಯಾರ ಮೇಲೆ ಈಟಿಯೆತ್ತಬೇಕೆಂಬುದು ತಿಳಿಯುವ ಮುನ್ನವೇ ರಾವುತನು ಹಡಗು ಹತ್ತಿದ್ದನು. ಹೈದರಾಬಾದ್, ಪಟಿಯಾಲ ಮುಂತಾದ ಸಂಸ್ಥಾನಗಳ ಸವಾರರೊಡನೆ ಸೇರಿ ಇವರದು 15ನೆಯ ಅಶ್ವ ಬ್ರಿಗೇಡ್ ಆಯಿತು. ಫ್ರಾನ್ಸಿನಲ್ಲಿದ್ದ ಜೋಧಪುರದ ದಳ 1918 ರಲ್ಲಿ ಬಂದು ಕೂಡಿಕೊಂಡಿತು.

ಮೊದಲ ಕೆಲಸ ಸೂಯೆಜ್ ಕಾಲುವೆಯ ಕಾವಲು. ಭಾರತಕ್ಕೂ ಬ್ರಿಟನ್ನಿಗೂ ನಡುವಣ ಕಂಠನಾಳದಂತಿದ್ದ ಆ ಜಲಮಾರ್ಗವನ್ನು ಹಿಸುಕಲು ತುರ್ಕಿಯ ಜಮಾಲ್ ಪಾಷಾ ಸೈನಾಯ್ ಮರುಭೂಮಿಯನ್ನು ದಾಟಿ ಬಂದು 1915 ರ ಫೆಬ್ರವರಿ 3 ರಂದು ಆಕ್ರಮಿಸಿದನು. ದಾಳಿ ವಿಫಲವಾಯಿತು. ಬಳಿಕ ಬಹುಕಾಲ ಮೈಸೂರಿನವರ ಪಾಲಿಗೆ ಬಂದದ್ದು ಗಸ್ತು, ಬೇಹು, ಬಾಯಾರಿಕೆ, ಉಸುಬು. ಯುದ್ಧವೆಂದರೆ ಸದಾ ಕಾಳಗವೆಂದು ಭಾವಿಸುವವರಿಗೆ ಈ ಎರಡು ವರ್ಷಗಳಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ. ಕುದುರೆಗೆ ನೀರುಣಿಸಬೇಕಾದವನಿಗೆ ಪ್ರತಿದಿನವೂ ಒಂದು ಕಾಳಗವೇ.

1917 ರಲ್ಲಿ ಎರಡು ಬಾರಿ ಗಾಜಾದ ಮುಂದೆ ಸೋತ ಬ್ರಿಟಿಷ್ ಸೇನೆಗೆ ಜನರಲ್ ಆಲೆನ್‌ಬಿ ದಂಡನಾಯಕನಾಗಿ ಬಂದನು. ಅಕ್ಟೋಬರ್ 31 ರಂದು ಬೀರ್‌ಷೀಬಾ ಬಿದ್ದಿತು. ನವೆಂಬರಿನಲ್ಲಿ ಗಾಜಾ ತೆರವಾಯಿತು. ಡಿಸೆಂಬರ್ 9 ರಂದು ಜೆರುಸಲೇಮ್ ಶರಣಾಯಿತು. ಗಾಜಾದಿಂದ ಹಿಂಜರಿದ ತುರ್ಕರನ್ನು ಬೆನ್ನಟ್ಟುವುದರಲ್ಲಿ 15ನೆಯ ಬ್ರಿಗೇಡೂ ಇತ್ತು. ಮರುವರ್ಷದ ಬೇಸಗೆಯಲ್ಲಿ, ಸಮುದ್ರಮಟ್ಟಕ್ಕಿಂತ ಎಷ್ಟೋ ತಗ್ಗಿನಲ್ಲಿ ಕುದಿಯುವ ಜೋರ್ಡಾನ್ ಕಣಿವೆಯಲ್ಲಿ ಇವರು ಬೀಡುಬಿಟ್ಟಿದ್ದರು. ಜುಲೈ 14 ರಂದು ನದಿಯ ಹಾಯ್ಗಡದ ಬಳಿ ಬಂದ ತುರ್ಕಿ ಅಶ್ವದಳವನ್ನು ಜೋಧಪುರ ಮೈಸೂರುಗಳವರು ಎದುರಿಸಿ ಹಿಮ್ಮೆಟ್ಟಿಸಿದರು. ಮುಂದೆ ಹೈಫಾದಲ್ಲಿ ಇವೆರಡು ದಳಗಳು ಒಂದಾಗಿ ನಡೆದುದಕ್ಕೆ ಇದು ಪೂರ್ವರಂಗ.

ಸೆಪ್ಟೆಂಬರ್ 19 ರಂದು ಮೆಗಿದ್ದೋ ಸಮರ ಮೊದಲಾಯಿತು. ಕಾಲಾಳುಗಳು ಕಡಲತೀರದಲ್ಲಿ ತುರ್ಕರ ಸಾಲನ್ನು ಸೀಳಿ ಬಾಗಿಲು ತೆರೆದರು. ಆ ಬಾಗಿಲಿನಿಂದ ಅಶ್ವಸೇನೆ ಹೊಳೆಯಂತೆ ನುಗ್ಗಿತು. ಮರುದಿನ ಬೆಳಗ್ಗೆಯೇ ಸವಾರರು ನಜರೇತನ್ನು ಮುಟ್ಟಿದರು. ತುರ್ಕರ ಪರವಾಗಿ ದಂಡನಾಯಕತ್ವ ವಹಿಸಿದ್ದ ಜರ್ಮನ್ ಸೇನಾನಿ ಲೀಮನ್ ಫಾನ್ ಸಾಂಡರ್ಸ್ ಕೂದಲೆಳೆಯಲ್ಲಿ ಪಾರಾದನು. ಇಷ್ಟು ವೇಗವಾಗಿ ಮುಂದುವರಿದ ಸೇನೆಗೆ ಅನ್ನ, ಮದ್ದುಗುಂಡು, ಕುದುರೆಯ ದಾಣಿ ಎಲ್ಲಿಂದ ಬರಬೇಕು? ಈಜಿಪ್ಟಿನಿಂದ ನೆಲದ ಮೇಲೆ ಹೊತ್ತು ತರುವುದು ದುಸ್ಸಾಧ್ಯ. ಹೈಫಾದ ಬಂದರು ಕೈಗೆ ಬಂದಲ್ಲದೆ ಡಮಾಸ್ಕಸ್ಸಿನ ಹಾದಿ ತೆರೆಯುವಂತಿರಲಿಲ್ಲ. ಆ ಊರಿನ ಮಹತ್ವವೆಲ್ಲ ಇದರಲ್ಲಿದೆ.

ಹೈಫಾದ ಸ್ಥಾನಬಲ ವಿಲಕ್ಷಣವಾದುದು. ಪೂರ್ವದಿಂದ ಬರುವ ದಾರಿಯ ಎಡಗಡೆ ಕಾರ್ಮೆಲ್ ಪರ್ವತದ ಕಡಿದಾದ ಮೈ. ಬಲಗಡೆ ಕೀಷೋನ್ ಹೊಳೆ, ಅದರ ಜೌಗು. ಇವೆರಡರ ನಡುವಿನ ಇಕ್ಕಟ್ಟಿನಲ್ಲಿ ದಾರಿಯೂ ರೈಲುಹಳಿಯೂ ಸಾಗುತ್ತವೆ. ಬೆಟ್ಟದ ನೆತ್ತಿಯಲ್ಲಿ ಫಿರಂಗಿಗಳು, ಇಳಿಜಾರಿನಲ್ಲಿ ಮೆಷಿನ್‌ಗನ್ನುಗಳು. ಸೆಪ್ಟೆಂಬರ್ 22 ರಂದು ಕವಚದ ಮೋಟಾರುಗಳಲ್ಲಿ ಹೋದವರು ಈ ಗುಂಡಿನ ಮಳೆಗೆ ಸಿಕ್ಕಿ ಹಿಂದಿರುಗಿದರು. ಮಾರನೆಯ ದಿನ, 23 ರಂದು, ಬ್ರಿಗೇಡಿಯರ್ ಹಾರ್ಬರ್ಡನ ಕೈಕೆಳಗಿನ 15ನೆಯ ಬ್ರಿಗೇಡಿಗೆ ಆ ಕೆಲಸ ಬಂದಿತು. ಉಕ್ಕಿನ ಮೋಟಾರಿಗೆ ಸಾಧ್ಯವಾಗದುದನ್ನು ಕುದುರೆಗೆ ಒಪ್ಪಿಸಿದಂತಾಯಿತು.

ಬೆಳಗ್ಗೆ ಹತ್ತು ಗಂಟೆಯ ಸುಮಾರಿಗೆ ಬಲದ್ ಅಲ್ ಷೇಖ್ ಎಂಬ ಹಳ್ಳಿಯ ಬಳಿ ಬ್ರಿಗೇಡಿನ ಮೇಲೆ ಗುಂಡು ಸುರಿಯತೊಡಗಿತು. ಆಗ ಮೈಸೂರಿನ ಒಂದು ಸ್ಕ್ವಾಡ್ರನ್ನನ್ನು ಕಾರ್ಮೆಲ್ ಪರ್ವತವನ್ನೇರಿ ನೆತ್ತಿಯ ಫಿರಂಗಿಗಳನ್ನು ಹಿಡಿಯುವಂತೆ ಕಳುಹಿಸಲಾಯಿತು. ಅದರ ಬೆಂಬಲಕ್ಕೆ ಬ್ರಿಟಿಷ್ ಷೆರ್ವುಡ್ ರೇಂಜರ್ಸ್ ದಳದ ಒಂದು ತುಕಡಿ ಹಿಂದಿನಿಂದ ಹೋಯಿತು. ಆಡುಗಳ ಜಾಡಿನಂಥ ದಾರಿ. ದಿನಗಟ್ಟಲೆ ಓಡಿ ದಣಿದ ಕುದುರೆಗಳು ಕಲ್ಲುಬಂಡೆಗಳ ನಡುವೆ ಮುಗ್ಗರಿಸಿದವು. ಹಲವರನ್ನು ಇಳಿಸಿ ಬಂದೂಕಿನಿಂದ ಗುಂಡು ಹಾರಿಸಲು ನಿಲ್ಲಿಸಬೇಕಾಯಿತು. ಕೊನೆಗೆ ಕುದುರೆಯ ಮೇಲೆ ದಾಳಿಗೆ ಉಳಿದವರು ಸುಮಾರು ಹದಿನೈದು ಮಂದಿ. ಆ ಹದಿನೈದು ಜನ ಈಟಿಯನ್ನು ಚಾಚಿ ಫಿರಂಗಿಗಳ ಮೇಲೆ ಬಿದ್ದರು, ಫಿರಂಗಿಗಳು ಕೈವಶವಾದವು.

ಮಧ್ಯಾಹ್ನ ಎರಡು ಗಂಟೆಗೆ ಕೆಳಗಿನ ಬಯಲಿನಲ್ಲಿ ಜೋಧಪುರದವರ ಪ್ರಸಿದ್ಧವಾದ ದಾಳಿ ನಡೆಯಿತು. ಮೊದಲು ಹೊಳೆಯತ್ತ ಧಾವಿಸಿದವರು ಅಲ್ಲಿ ಹೂಳು ಮರಳನ್ನು ಕಂಡು, ಓಟದಲ್ಲಿಯೇ ಎಡಕ್ಕೆ ಹೊರಳಿ, ಬೆಟ್ಟದ ಬುಡದ ಮೆಷಿನ್‌ಗನ್ನುಗಳನ್ನು ತುಳಿದು ಊರೊಳಕ್ಕೆ ನುಗ್ಗಿದರು. ಅವರ ನಾಯಕ ಮೇಜರ್ ಠಾಕೂರ್ ದಳಪತ್ ಸಿಂಗ್ ಪ್ರಾಣವನ್ನು ತೆತ್ತನು. ಮೈಸೂರಿನ ಉಳಿದ ತುಕಡಿಗಳು ತಮ್ಮ ಮೆಷಿನ್‌ಗನ್ನುಗಳಿಂದ ಅವರಿಗೆ ರಕ್ಷೆಯಾಗಿ ನಿಂತು, ಬಳಿಕ ತಾವೂ ಪಟ್ಟಣವನ್ನು ಹೊಕ್ಕವು. ಸಂಜೆಯೊಳಗೆ ಹೈಫಾ ಬಿದ್ದಿತು. ಸೆರೆಸಿಕ್ಕವರು 1,350 ಮಂದಿ. ವಶವಾದ ಫಿರಂಗಿಗಳು 17, ಮೆಷಿನ್‌ಗನ್ನುಗಳು 11. ಬ್ರಿಗೇಡಿನ ಕಡೆ ಮಡಿದವರು 8, ಗಾಯಗೊಂಡವರು 34. ಕುದುರೆಗಳಲ್ಲಿ ಸತ್ತವು 60, ಗಾಯಗೊಂಡವು 83. ಈ ಲೆಕ್ಕವನ್ನು ಓದುವಾಗ, ಅಂದಿನ ಗೆಲವಿನ ಬೆಲೆಯನ್ನು ಹೆಚ್ಚಾಗಿ ತೆತ್ತದ್ದು ಮಾತಿಲ್ಲದ ಪ್ರಾಣಿಗಳೆಂಬುದು ಮನಸ್ಸಿಗೆ ತಟ್ಟದೆ ಇರದು.

ಹೈಫಾದ ವೀರನೆಂಬ ಬಿರುದು ದಳಪತ್ ಸಿಂಗನಿಗೆ ಸಂದಿತು. ಅದು ಯೋಗ್ಯವಾದುದೇ. ಆದರೆ ಕಥೆ ಬಯಲಿನ ಓಟದೊಡನೆ ಮುಗಿದುಬಿಟ್ಟರೆ ನ್ಯಾಯವಾಗದು. ನೆತ್ತಿಯ ಫಿರಂಗಿಗಳು ಗರ್ಜಿಸುತ್ತಲೇ ಇದ್ದಿದ್ದರೆ ಆ ಇಕ್ಕಟ್ಟಿನಲ್ಲಿ ಓಡಿದವರ ಗತಿ ಏನಾಗುತ್ತಿತ್ತು? ಬಯಲಿನ ದಾಳಿಯನ್ನು ಎಲ್ಲರೂ ಕಂಡರು. ಬೆಟ್ಟದ ಮೇಲಿನದನ್ನು ಕಂಡವರು ಕೆಲವರು. ಕಾವ್ಯದಲ್ಲಾದರೂ ಅಷ್ಟೇ: ರಥದ ಮೇಲಿನವನಿಗೆ ಪದ್ಯಗಳು ಹತ್ತು, ಚಕ್ರಕ್ಕೆ ಕಾವಲಾಗಿ ಓಡಿದವನಿಗೆ ಒಂದರ್ಧ.

ಇದರೊಡನೆ ಯುದ್ಧ ಮುಗಿಯಲಿಲ್ಲ. ಅಶ್ವಸೇನೆ ಡಮಾಸ್ಕಸ್ಸನ್ನು ದಾಟಿ ಉತ್ತರಕ್ಕೆ ನಡೆಯಿತು. ಅಕ್ಟೋಬರ್ 26 ರಂದು ಅಲೆಪ್ಪೊ ನಗರದಿಂದಾಚೆ ಹರಿತಾನ್ ಎಂಬಲ್ಲಿ ಹಿಂಜರಿಯುತ್ತಿದ್ದ ತುರ್ಕಿ ಸೇನೆಯನ್ನು ಮೈಸೂರು ಜೋಧಪುರಗಳ ರಾವುತರು ಎದುರಿಸಿದರು. ಎದುರಾಳಿ ಸೇನೆಯ ನಾಯಕ ಮುಸ್ತಫಾ ಕೆಮಾಲ್. ಮುಂದೆ ತುರ್ಕಿಯ ರಾಷ್ಟ್ರಪಿತನಾದವನು ಇವನೇ. ಮೈಸೂರಿನವರು ದಾಳಿಯಿಟ್ಟರು. ಆದರೆ ಶತ್ರುಬಲ ಎಣಿಸಿದುದಕ್ಕಿಂತ ಬಹಳ ಹೆಚ್ಚಾಗಿದ್ದುದರಿಂದ ಹಿಂದೆ ಸರಿಯಬೇಕಾಯಿತು. ಮಡಿದವರು, ಗಾಯಗೊಂಡವರು ಸೇರಿ ಬ್ರಿಗೇಡಿಗಾದ ನಷ್ಟ ಸುಮಾರು ಎಂಬತ್ತು ಜನ, ಎಂದರೆ ಹೈಫಾದ ಎರಡರಷ್ಟು. ಐದು ದಿನಗಳಲ್ಲಿ, 31 ರ ಮಧ್ಯಾಹ್ನ, ತುರ್ಕಿಯೊಡನೆ ಕದನವಿರಾಮ ಜಾರಿಗೆ ಬಂದಿತು. ಗೆದ್ದ ಹೈಫಾಕ್ಕೆ ಹಬ್ಬವುಂಟು, ಹರಿತಾನಿನ ಹೆಸರನ್ನು ಅರಿತವರು ವಿರಳ. ಮಡಿದವನ ಮನೆಯವರಿಗೆ ಇವೆರಡರಲ್ಲಿ ಏನು ಭೇದ?

ಇದು ಯಾರ ಯುದ್ಧವಾಗಿತ್ತೆಂಬ ಪ್ರಶ್ನೆಯನ್ನು ಮುಚ್ಚಿಡುವುದು ತರವಲ್ಲ. ಮೈಸೂರಿನ ರೈತನಿಗೆ ತುರ್ಕನು ಶತ್ರುವಾಗಿರಲಿಲ್ಲ. ದಳದಲ್ಲಿದ್ದ ಮುಸಲ್ಮಾನ ರಾವುತರಿಗೆ ತುರ್ಕಿಯ ಸುಲ್ತಾನನು ಖಲೀಫನೆಂದು ಮಾನ್ಯನಾಗಿದ್ದವನು. ಅವನ ಸೇನೆಯೆದುರು ಅವರು ನಾಲ್ಕು ವರ್ಷ ನಿಂತರು. ಗುಂಡಿಗಿಂತ ಕಠಿನವಾದ ಪರೀಕ್ಷೆ ಇದು. ಗೆದ್ದ ನೆಲ ಅವರದಾಗಲಿಲ್ಲ, ಅವರ ಮಹಾರಾಜರದೂ ಆಗಲಿಲ್ಲ. ರಾವುತನ ಜೋಳವಾಳಿ ಮೈಸೂರಿಗೆ, ಮೈಸೂರಿನದು ಚಕ್ರಾಧಿಪತ್ಯಕ್ಕೆ. ನಡುವೆ ಕೊಂಡಿಗಳು ಹೆಚ್ಚಾದಷ್ಟೂ, ಅನ್ನವಿಟ್ಟವನು ಯಾರು, ಪ್ರಾಣ ಕೇಳಿದವನು ಯಾರು ಎಂಬುದು ಮಸುಕಾಗುತ್ತದೆ. ಕುವರ ಲಕ್ಷ್ಮನಿಗೆ ತನ್ನ ಒಡೆಯನ ಮುಖ ಗೊತ್ತಿತ್ತು. ಕಾರ್ಮೆಲನ್ನೇರಿದ ರಾವುತನು ಯಾವ ಚಕ್ರವರ್ತಿಗಾಗಿ ಏರಿದನೋ ಅವನ ಮುಖವನ್ನು ನಾಣ್ಯದ ಮೇಲಲ್ಲದೆ ಕಂಡಿರಲಾರನು. ಆದಕಾರಣ ಅವನ ಶೌರ್ಯ ಕಿರಿದಾಗುವುದಿಲ್ಲ. ಅದನ್ನು ಬಳಸಿಕೊಂಡವರ ಋಣ ಹಿರಿದಾಗುತ್ತದೆ.

ದಳವು 1920 ರಲ್ಲಿ ಬೆಂಗಳೂರಿಗೆ ಮರಳಿತು. ದೆಹಲಿಯಲ್ಲಿ ಹೈದರಾಬಾದ್, ಮೈಸೂರು, ಜೋಧಪುರಗಳ ಮೂವರು ಸೈನಿಕರ ಕಂಚಿನ ಪ್ರತಿಮೆಗಳನ್ನು 1922 ರಲ್ಲಿ ನಿಲ್ಲಿಸಲಾಯಿತು. ತೀನ್ ಮೂರ್ತಿಯೆಂದು ಪ್ರಸಿದ್ಧವಾದ ಆ ವೃತ್ತಕ್ಕೆ 2018 ರಲ್ಲಿ ಹೈಫಾದ ಹೆಸರನ್ನೂ ಸೇರಿಸಲಾಗಿದೆ. ಸಂಸ್ಥಾನಗಳು ವಿಲೀನವಾದ ಬಳಿಕ ಮೈಸೂರು ಲ್ಯಾನ್ಸರ್ಸ್ ಇತರ ಸಂಸ್ಥಾನಗಳ ಸವಾರರೊಡನೆ ಕೂಡಿ, 1953 ರಲ್ಲಿ ರಚಿತವಾದ 61ನೆಯ ಅಶ್ವದಳದಲ್ಲಿ ಲೀನವಾಯಿತು. ಹೈಫಾದಲ್ಲಿರುವ ಭಾರತೀಯ ಸೈನಿಕರ ಸ್ಮಶಾನದಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಸ್ಮರಣೆ ನಡೆಯುತ್ತದೆ. ನಮ್ಮ ನಾಡಿನಲ್ಲಿ ಈ ರಾವುತರ ವೀರಗಲ್ಲೆನ್ನಬಹುದಾದುದು ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಈಜಿಪ್ಟ್ ಪ್ಯಾಲೆಸ್ಟೈನುಗಳಲ್ಲಿ ಮಡಿದ ಮೈಸೂರು ಲ್ಯಾನ್ಸರ್ಸ್ ದಳದವರ ಹೆಸರುಗಳನ್ನು ಅದರ ಮೇಲೆ ಕೊರೆಯಲಾಗಿದೆ; ವಾಹನಗಳ ಸದ್ದಿನ ನಡುವೆ ನಿಂತು ಅವನ್ನು ಇಂದಿಗೂ ಓದಬಹುದು.